ಕಾಶವ್ವನಿಗೆ ಕಣ್ಣು ಬರೆದದ್ದು

ನಲವತ್ತು ದಾಟಿದವರಿಗೆ ಸಕ್ಕರೆ ಕಾಯಿಲೆ ಹಿಡಿಯುತ್ತದೆ. ಭೀಮರಾಯನಿಗೆ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಮುಂಬಯಿಯ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಊಟದ ಬಿಡುವಿನಲ್ಲಿ ಫುಟ್‌ಪಾತಿನ ಮೇಲೆ ಹಳೆಯ ಕ್ಯಾಮೆರಾ, ಅದರ ಜೊತೆಗೊಂದು ಫ್ಲ್ಯಾಶು ಕಂಡ. ಬದನೆಕಾಯಿಗೂ ಅರ್ಧ ತಾಸು ಚೌಕಾಸಿ ಮಾಡುವ ಮನುಷ್ಯ ಅಂದು ತುಟಿ ಪಿಟ್ಟೆನ್ನದೆ ಕೊಂಡುಕೊಂಡು ಬಂದನೆಂದರೆ ಹುಚ್ಚು ಎಷ್ಟು ಏರಿತ್ತೆಂದು ತಿಳಿಯಬಹುದು.

ಅದು ೧೯೮೮ನೆಯ ಇಸವಿ. ವಿಜಾಪುರದ ಕಡೆಯ ಹಳ್ಳಿಯಿಂದ ತಾಯಿ ಕಾಶವ್ವ ಮಗನ ಮನೆಗೆ, ಸಾಯನ್ನಿನ ಚಾಳಿಗೆ ಬಂದಿದ್ದಳು. ಮಗನಲ್ಲಿ ಎಂದೂ ಏನನ್ನೂ ಕೇಳದ ಮುದುಕಿ, ಕ್ಯಾಮೆರಾ ನೋಡಿದ್ದೇ ಕೇಳಿಬಿಟ್ಟಳು.

“ನನ್ನ ತಂಗೀದು ಗ್ವಾಡಿ ಮ್ಯಾಲ ಇಷ್ಟುದ್ದ ಫೋಟೋ ಹಾಕ್ಯಾರೋ. ನಂದೊಂದೂ ಇಲ್ಲ. ನಾ ಊರಿಗೆ ಹೋಗೂದರಾಗ ಒಂದು ತಗದು ಕೊಡು.”

ಊರಿಗೆ ಹೋಗುವ ಟಿಕೆಟ್ಟು ಆಗಲೇ ಪೆಟ್ಟಿಗೆಯಲ್ಲಿತ್ತು. ಮೂರು ವಾರ ಬಾಕಿ. ಭೀಮರಾಯ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಹನ್ನೆರಡು ಫೋಟೋ ತೆಗೆದ. ಹನ್ನೆರಡು ಸಲ ಫ್ಲ್ಯಾಶು ಮಿಂಚಿತು, ಹನ್ನೆರಡು ಸಲವೂ ಕಾಶವ್ವ ಕಣ್ಣು ಮುಚ್ಚಿದಳು.

“ಅತ್ತಿ ಎಲ್ಲಾದರಾಗೂ ನಿದ್ದಿ ಮಾಡ್ಯಾರ್ರಿ,” ಎಂದು ತೊಳೆಸಿ ತಂದ ಫೋಟೋಗಳನ್ನು ನೋಡಿ ಹೆಂಡತಿ ಸುಮಿತ್ರಾ ನಕ್ಕಳು. “ಇನ್ನೊಮ್ಮೆ ಕುಂದರಸ್ರಿ.”

ಕಾಶವ್ವ ಒಪ್ಪಲಿಲ್ಲ. “ಒಮ್ಮೆ ಕುಂತೀನಿ, ಆತು. ಸೀರಿ ಉಟಗೊಂಡು ಮತ್ತ ಮತ್ತ ಕುಂದ್ರಾಕ ನಾ ಏನು ಮದುವಿ ಹೆಣ್ಣೇನು?”

ಇನ್ನುಳಿದದ್ದು ಒಂದೇ ದಾರಿ: ಮುಚ್ಚಿದ ಕಣ್ಣನ್ನು ಪ್ರಿಂಟಿನ ಮೇಲೆ ತಾನೇ ತೆರೆಸುವುದು. ಸ್ಟುಡಿಯೋದವರಿಗೆ ಕೊಟ್ಟರೆ ಅದು ತನ್ನ ಫೋಟೋ ಆಗುವುದಾದರೂ ಹೇಗೆ?

ಮಾಟುಂಗದ ಒಂದು ಕನ್ನಡ ಸಂಘದವರು ಪಾತ್ರೆ ಇಡುವ ಕೋಣೆಯನ್ನು ಖಾಲಿ ಮಾಡಿ, ಫೋಟೋ ತೊಳೆಯಲು ಡಾರ್ಕ್‌ರೂಮ್ ಮಾಡಿದ್ದರು. ಯಾರು ಬೇಕಾದರೂ ಬರಬಹುದು, ಪೂರಾ ಪುಕ್ಕಟೆ. ಪುಕ್ಕಟೆ ಮಾಲಿಗೆ ಬಿಲ್ಲಿಲ್ಲ. ಬಿಲ್ಲಿಲ್ಲದ ಮೇಲೆ ತಕರಾರು ಮಾಡುವುದು ಯಾರ ಹತ್ತಿರ? ಕಲಿಸುವ ಗುರುವೂ ಇರಲಿಲ್ಲ. ಬಾಗಿಲ ಹಿಂದೆ ಸುತಳಿ ಕಟ್ಟಿ ತೂಗುಹಾಕಿದ ಒಂದು ದಪ್ಪ ನೋಟ್‌ಬುಕ್ಕೇ ಗುರು. ಕಲಿತವರು ಕಲಿತದ್ದನ್ನು ಅದರಲ್ಲಿ ಬರೆಯಬೇಕು. ಮುಂದೆ ಬಂದವರು ಅದನ್ನು ತಿದ್ದಬಹುದು. ಕೀಲಿಕೈ ಇಟ್ಟುಕೊಂಡಿದ್ದ ಮೈಸೂರಿನ ಹಿರಿಯಣ್ಣ, ನಿವೃತ್ತ ನಕಾಶೆಗಾರರು, ಇದ್ದ ಒಂದೇ ನಿಯಮವನ್ನು ಹೇಳಿದರು.

“ಹಾಳೆ ಮಾತ್ರ ಹರೀಬೇಡಿ ಸ್ವಾಮಿ. ಮಿಕ್ಕಿದ್ದೆಲ್ಲ ನಿಮ್ಮಿಷ್ಟ.”

ಭೀಮರಾಯ ತೆರೆದು ನೋಡಿದ. ‘ಬ್ರಷ್ಷಿನ ತುದಿಯನ್ನು ನಾಲಿಗೆಯಿಂದ ಚೂಪು ಮಾಡಿಕೊಳ್ಳಿ’ ಎಂದಿತ್ತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ: ‘ಖಂಡಿತ ಮಾಡಬೇಡಿ. ನನಗೆ ಹೊಟ್ಟೆ ಕೆಟ್ಟಿತು. ಪೂವಪ್ಪ.’ ಅದಕ್ಕೂ ಕೆಳಗೆ ಇನ್ನೊಬ್ಬರ ಕೈಬರಹ: ‘ಪೂವಪ್ಪನ ಹೊಟ್ಟೆ ಕೆಟ್ಟದ್ದು ವಡಾಪಾವಿನಿಂದ. ನಾನು ಜೊತೆಗಿದ್ದೆ.’ ಕಣ್ಣಿನ ವಿಷಯಕ್ಕೆ ಐದು ಪುಟವಿತ್ತು. ಮೊದಲು ಕಪ್ಪು ಬಳಿಯಿರಿ ಎಂದು ಒಬ್ಬ. ಮೊದಲು ಬ್ಲೇಡಿನಿಂದ ಕೆರೆದು ಬಿಳಿ ಮಾಡಿ ಎಂದು ಇನ್ನೊಬ್ಬ. ಇಬ್ಬರಿಗೂ ಕಾಟು ಹೊಡೆದು ಮೂರನೆಯವನು ‘ಅಭ್ಯಾಸದಿಂದ ಬರುತ್ತದೆ’ ಎಂದು ಬರೆದು ಕೈ ತೊಳೆದುಕೊಂಡಿದ್ದ.

“ಇದರಾಗ ಯಾರದು ಖರೇರಿ, ಹಿರಿಯಣ್ಣೋರ?”

“ಎಲ್ಲರ್ದೂ ನಿಜವೇ. ಅವರವರ ಫೋಟೋಗೆ.”

ಬ್ಯಾಂಕು ಬಿಟ್ಟೊಡನೆ ಲೋಕಲ್ ಹಿಡಿದು ಮಾಟುಂಗ, ಅಲ್ಲಿಂದ ಮನೆ. ಮೂರು ವಾರ ಇದೇ ಆಯಿತು. ಮೊದಲ ಪ್ರಿಂಟಿನಲ್ಲಿ ಕಾಶವ್ವ ಗೂಗೆಯಾದಳು. ಎರಡನೆಯದರಲ್ಲಿ ಒಂದು ಕಣ್ಣು ದಾದರಿನ ಕಡೆ, ಇನ್ನೊಂದು ಕುರ್ಲಾದ ಕಡೆ ನೋಡುತ್ತಿತ್ತು. ಮೂರನೆಯದರಲ್ಲಿ ಬ್ಲೇಡು ಕಾಗದವನ್ನೇ ತೂರಿ ಆಚೆ ಹೋಯಿತು. ಭೀಮರಾಯ ನೋಟ್‌ಬುಕ್ಕನ್ನೂ, ಅದನ್ನು ಬರೆದವರನ್ನೂ, ಬರೆದವರಿಗೆ ಅಕ್ಷರ ಕಲಿಸಿದ ಮೇಷ್ಟ್ರುಗಳನ್ನೂ ಒಬ್ಬರನ್ನೂ ಬಿಡದೆ ಬೈದ. ಎಂಟನೆಯ ಪ್ರಿಂಟಿನಲ್ಲಿ ಕಣ್ಣು ಕೂತಿತು. ಸ್ವತಃ ಹಿರಿಯಣ್ಣನವರೇ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ, “ಪರವಾಗಿಲ್ಲ ಸ್ವಾಮಿ,” ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿರಲಿಲ್ಲ.

ಗಾಡಿ ಹತ್ತುವ ಹಿಂದಿನ ದಿನ ಸಂಜೆ ಫೋಟೋ ತಾಯಿಯ ಕೈಗೆ ಬಂತು. ಕಾಶವ್ವ ಅದನ್ನು ಚಾಳಿನ ಪಡಸಾಲೆಯ ಬೆಳಕಿಗೆ ಒಯ್ದು ಹಿಡಿದಳು. ಮಗ ಹೊಗಳಿಕೆಗೆ ಕಾದು ನಿಂತ.

“ಈ ಕಣ್ಣು ಯಾವು?”

“ನಿನ್ನವ ಯವ್ವಾ. ನಾನ ಬರದೀನಿ.”

“ಬರದಿ? ಕಣ್ಣು ಬರಿಯೂದು ಯಾರಿಗೋ ಭೀಮ್ಯಾ? ನಾಳೆ ಗಾಡಿ ಹತ್ತಾಕಿ ನಾನು, ಇವತ್ತ ನನ್ನ ಹೆಣಾ ಮಾಡಿದ್ಯಲ್ಲೋ!”

ಅವರ ಮಂದಿಯಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ಫೋಟೋ ತೆಗೆಸುತ್ತಾರೆ. ಆಮೇಲೆ ಸ್ಟುಡಿಯೋದವನು ಆ ಫೋಟೋಕ್ಕೆ ತೆರೆದ ಕಣ್ಣು ಬರೆದು ಕೊಡುತ್ತಾನೆ. ಅಪ್ಪನದೂ ಹಾಗೆಯೇ ಆಗಿತ್ತು. ಅದನ್ನು ಸ್ಟುಡಿಯೋದಿಂದ ಮನೆಗೆ ತಂದವನು ಇದೇ ಭೀಮರಾಯ. ಗೊತ್ತಿರದ ಸಂಗತಿಯಲ್ಲ. ಆದರೆ ಕೈಗೆ ಬ್ಲೇಡು ಬಂದಾಗ ತಲೆ ರಜೆಯ ಮೇಲೆ ಹೋಗಿತ್ತು.

ತಪ್ಪು ತನ್ನದೆಂದು ತಿಳಿದಷ್ಟೂ ಸಿಟ್ಟು ಏರಿತು. “ಹನ್ನೆರಡು ಸಲಾನೂ ಕಣ್ಣು ಮುಚ್ಚಿದಾಕಿ ನೀನು! ನಾ ಏನು ಮಾಡ್ಲಿ? ಮೂರು ವಾರಾತು, ನನ್ನ ಕಣ್ಣ ಹೋಗ್ಯಾವ!”

“ಮುಚ್ಚಿದ್ದರ ಮುಚ್ಚಿದ್ದ ಕೊಡು. ನಾ ಕೇಳಿದ್ದು ಫೋಟೋ, ಕಣ್ಣು ಕೇಳಿದ್ನೇನು? ಬದುಕಿದಾಕಿ ಕಣ್ಣು ಮುಚ್ಚತಾಳ, ತಗೀತಾಳ. ಸತ್ತವರಿಗಷ್ಟ ಯಾವಾಗಲೂ ತಗದಿರತಾವ.”

ಒಳಗಿನಿಂದ ಸುಮಿತ್ರಾ, “ಅತ್ತಿ ಹೇಳೂದು ಖರೇನ ಐತಿ ನೋಡ್ರಿ,” ಎಂದಳು. ಆ ಹೊತ್ತಿಗೆ ಅದೊಂದು ಕಡಿಮೆಯಾಗಿತ್ತು.

ಮರುದಿನ ಬ್ಯಾಂಕಿಗೆ ರಜೆ ಹಾಕಿ ಭೀಮರಾಯ ಮಾಟುಂಗಕ್ಕೆ ಓಡಿದ. ಪುಣ್ಯಕ್ಕೆ ನೆಗೆಟಿವ್‌ಗೆ ಬ್ಲೇಡು ತಾಗಿರಲಿಲ್ಲ. ಬರೀ ಪ್ರಿಂಟು, ಕೆರೆಯುವುದಿಲ್ಲ, ಬಳಿಯುವುದಿಲ್ಲ. ಹದಿನೈದು ನಿಮಿಷದಲ್ಲಿ ಫೋಟೋ ಕೈಗೆ ಬಂತು. ಮೂಗುಬೊಟ್ಟು, ಸೆರಗಿನ ಅಂಚು, ಬಿಗಿಹಿಡಿದ ತುಟಿ, ಮುಚ್ಚಿದ ಕಣ್ಣು: ಹರಟೆ ಹೊಡೆಯುವವರು ಎದ್ದು ಹೋಗಲಿ ಎಂದು ಕಾಯುತ್ತ ಕುಳಿತ ಸಾಕ್ಷಾತ್ ಕಾಶವ್ವ.

“ಇದನ್ನ ಮೊದಲನೇ ದಿವಸವೇ ಮಾಡ್ಬೋದಿತ್ತಲ್ಲ?” ಎಂದರು ಹಿರಿಯಣ್ಣ.

ಭೀಮರಾಯ ಫೋಟೋ ಹಿಡಿದು ಬಾಗಿಲ ಕಡೆ ನಡೆದ. ನಾಲಿಗೆಯ ತುದಿಗೆ ಬಂದದ್ದನ್ನು ಆಡಿದ್ದರೆ ಮರುದಿನದಿಂದ ಆ ಕೋಣೆಯ ಬಾಗಿಲು ಅವನಿಗೆ ಮುಚ್ಚುತ್ತಿತ್ತು.

ಸಂಜೆ ದಾದರಿನಲ್ಲಿ ಗಾಡಿ ನಿಂತಿತ್ತು. ಕಾಶವ್ವ ಕಿಟಕಿಯ ಪಕ್ಕ ಕೂತು ಫೋಟೋ ನೋಡಿದಳು, ಸೆರಗಿನಿಂದ ಒರೆಸಿದಳು, ಮತ್ತೆ ನೋಡಿದಳು. ಚೀಲಕ್ಕೆ ಹಾಕಲೊಲ್ಲದೆ ತೊಡೆಯ ಮೇಲೆಯೇ ಇಟ್ಟುಕೊಂಡಳು. ಕಿಟಕಿಯ ಸರಳು ಹಿಡಿದು ನಿಂತ ಮಗನಿಗೆ ಮೂರು ವಾರಗಳಲ್ಲಿ ಮೊದಲ ಸಲ ಉಸಿರು ನಿರಾಳವಾಯಿತು.

ಎದುರು ಸೀಟಿನ, ಇಂಡಿ ತಾಲೂಕಿನ ಹೆಣ್ಣುಮಗಳೊಬ್ಬಳು ಬಗ್ಗಿ ನೋಡಿದಳು. “ಚಲೋ ಬಂದೈತಿ ಬಿಡ್ರಿ. ಆದರ ಕಣ್ಣು ಮುಚ್ಚ್ಯಾವಲ್ಲಬೇ ಆಯಿ?”

“ಹೌದವ್ವಾ,” ಎಂದಳು ಕಾಶವ್ವ, ಮಗನ ಕಡೆ ಗದ್ದ ತೋರಿಸಿ. “ನನ್ನ ಮಗಾ ತಗದಾನ. ಅವಂಗ ಇನ್ನಾ ಬರೂದಿಲ್ಲ, ಕಲಿಯಾಕತ್ತಾನ.”

ಭೀಮರಾಯ ಬಾಯಿ ತೆರೆದ. ಗಾಡಿ ಹೊರಟಿತು.