ನಿಮಗೆಂದು ಕೊಂಡ ಕಾವಲಿ

ಝುಬೈದಕ್ಕ, ಡಬ್ಲಿನ್‌ನಲ್ಲಿ ಬ್ರೀಡಾ ಆಂಟಿಯ ಮನೆ ಮುಚ್ಚಿರಲಿಲ್ಲ. ಅವರು ಈಗ ಯಾರನ್ನೂ ಸೇರಿಸುವುದಿಲ್ಲ, ನೀವು ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲೇ ಇಳಿದುಕೊಳ್ಳಿ ಎಂದು ನಾನು ಹೇಳಿದ್ದು ಸುಳ್ಳು. ಬಾಯಿ ತಪ್ಪಿ ಬಂದದ್ದಲ್ಲ — ಎರಡು ದಿನ ಯೋಚಿಸಿ ಹೇಳಿದ್ದು. ಹೇಳಿ ಈಗ ಎರಡು ವರ್ಷವಾಯಿತು.

ನನ್ನ ಕೊಂಕಣಿ ನಿಮಗೆ ಬಾರದು, ನಿಮ್ಮ ಬ್ಯಾರಿ ನನಗೆ ಅರ್ಧಂಬರ್ಧ. ನಾವು ನಕ್ಕದ್ದೂ ಜಗಳವಾಡಿದ್ದೂ ಕನ್ನಡದಲ್ಲೇ, ಹಾಗಾಗಿ ಇದೂ ಕನ್ನಡದಲ್ಲೇ ಇರಲಿ. ಸೌದಿಯ ಈ ಹಫ್ರ್ ಅಲ್ ಬಾತಿನ್‌ಗೆ ನಾನು ಬಂದ ಮೊದಲ ವಾರ ನೆನಪಿದೆಯಾ? ವಾರ್ಡಿನಲ್ಲಿ ಒಬ್ಬ ಅಜ್ಜಿ ಹೊಟ್ಟೆ ಹಿಡಿದುಕೊಂಡು ಏನೋ ಕೂಗುತ್ತಿದ್ದರು, ನಾನು ಪೆದ್ದಿಯ ಹಾಗೆ ನಿಂತಿದ್ದೆ. "ಎಂತ ನೋಡ್ತಾ ನಿಂತದ್ದು ಮಾರಾಯ್ತಿ, ಕೈ ಹಿಡ್ಕೋ ಮೊದಲು. ಅರಬ್ಬಿ ಆಮೇಲೆ ಕಲಿಯುವ," ಎಂದಿರಿ ನೀವು. ನನಗೆ ಗೊತ್ತಿರುವ ಕೆಲಸದಲ್ಲಿ ಅರ್ಧ ನೀವು ಕಲಿಸಿದ್ದು. ನಾನು ಉಂಡ ಮನೆಗೇ ಎರಡು ಬಗೆದೆ.

ಐರ್ಲೆಂಡಿನ ಆಸೆ ಮೊದಲು ಹುಟ್ಟಿದ್ದೂ ನಿಮಗೇ. ಇಲ್ಲಿ ನಮಗಿರುವುದು ಹಾಸ್ಟೆಲಿನ ಒಂದು ಮಂಚ; ಮಕ್ಕಳನ್ನು ಕರೆಸಿಕೊಳ್ಳಲು ನಮ್ಮ ಇಕಾಮಾ ಪರವಾನಗಿ ಸಾಲದು. ನಿಮ್ಮ ರಿಹಾನಾ ಬಂಟ್ವಾಳದಲ್ಲಿ ನಿಮ್ಮ ಉಮ್ಮನ ಜೊತೆ ಬೆಳೆಯುತ್ತಿದ್ದಳು. "ಅಲ್ಲಿ ಕೆಲಸ ಸಿಕ್ಕಿದ್ರೆ ಅವಳನ್ನು ಕರ್ಕೊಂಡು ಹೋಗ್ಬಹುದು. ಶಾಲೆಗೆ ಹೋಗುವಾಗ ಜಡೆ ನಾನೇ ಹಾಕ್ತೇನೆ," ಎನ್ನುತ್ತಿದ್ದಿರಿ. ನೀವು ಬಯಸಿದ್ದು ಅಷ್ಟೇ. ಅದಕ್ಕೆ ಡಬ್ಲಿನ್‌ಗೆ ಹೋಗಿ ಅಲ್ಲಿಯವರ ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕಿತ್ತು. ರಜೆ ಮಾತ್ರ ಮೊದಲು ಸಿಕ್ಕಿದ್ದು ನನಗೆ.

ನಾಲ್ಕು ದಿನದ ಪ್ರಯಾಣ. ನಾಲ್ಕು ದಿನಕ್ಕೆ ಹೋದವಳಿಗೆ ಊರು ಎಲ್ಲಿ ಕಾಣುತ್ತದೆ? ಎಲ್ಲಿ ಮಲಗಿದೆ, ಅಲ್ಲಿಂದ ಪರೀಕ್ಷೆಗೆ ಎಷ್ಟು ದೂರ — ಇಷ್ಟೇ ಮುಖ್ಯ. ಬ್ರೀಡಾ ಆಂಟಿಯ ಮನೆಯಿಂದ ಹತ್ತು ನಿಮಿಷದ ನಡಿಗೆ. ನಿವೃತ್ತ ನರ್ಸ್ ಅವರು, ಪರೀಕ್ಷೆಗೆ ಬರುವ ನರ್ಸುಗಳಿಗೆ ಕೋಣೆ ಕೊಡುತ್ತಾರೆ. ಹಿಂದಿನ ಸಂಜೆ ಸೋಫಾದ ಮೇಲೆ ರೋಗಿಯಾಗಿ ಮಲಗಿ, "ಎಲ್ಲಿ, ನನ್ನ ಬಿಪಿ ನೋಡು," ಎಂದು ನಮ್ಮಿಂದ ಅಭ್ಯಾಸ ಮಾಡಿಸುತ್ತಾರೆ. ಹೋಗಿ ಬಂದವಳು ಹೋಗುವವಳ ಬಗ್ಗೆ ಫೋನ್ ಮಾಡಿ ಹೇಳಬೇಕು. ಹಾಗೆ ಹೇಳದೆ ಹೊಸಬರಿಗೆ ಅಲ್ಲಿ ಕೋಣೆ ಇಲ್ಲ. ನಮ್ಮ ನರ್ಸುಗಳಲ್ಲಿ ಅದು ರೂಢಿ. ನಿಮ್ಮ ಸರದಿಗೆ ಆ ಫೋನ್ ಮಾಡಬೇಕಾದವಳು ನಾನು.

ಹೋದ ದಿನವೇ ನಾನು ನಿಮ್ಮ ಸುದ್ದಿ ಹೇಳಿದ್ದೆ — ಮುಂದಿನ ತಿಂಗಳು ನಮ್ಮ ಅಕ್ಕ ಬರುತ್ತಾರೆ, ಹಂದಿಮಾಂಸ ಮುಟ್ಟುವವರಲ್ಲ, ಅದನ್ನು ಕರಿದ ಪಾತ್ರೆಯಲ್ಲಿ ಬೇಯಿಸಿದ್ದನ್ನೂ ತಿನ್ನುವವರಲ್ಲ. ಆಂಟಿ ತಲೆಯಾಡಿಸಿದ್ದರು. ಆಮೇಲೆ ಪರೀಕ್ಷೆಯಲ್ಲಿ ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಿದೆ. ಮರಳಿ ಬಂದು ಅವರ ಅಡುಗೆಮನೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಎರಡು ವಾರದ ಮೇಲೆ ಫಲಿತಾಂಶ ಬಂತು: ಫೇಲ್. ಅದನ್ನು ಹೇಳಿದ್ದು ಅವರೊಬ್ಬರಿಗೇ.

ನಿಮಗೆಲ್ಲ ಪಾಸ್ ಎಂದೆ. ಯಾಕೆ ಎಂದರೆ — ನಾನು ದೊಡ್ಡ ಬಾಯಿಯವಳು, ನಿಮಗೆ ಗೊತ್ತು. ಹೋಗುವ ಮೊದಲೇ ಇಡೀ ಹಾಸ್ಟೆಲಿಗೆ ಡಂಗುರ ಸಾರಿದ್ದೆ. ನೀವು ತುಪ್ಪದನ್ನ ಮಾಡಿ ವಾರ್ಡಿಗೆಲ್ಲ ಹಂಚಿದಿರಿ. ಅದನ್ನೂ ತಿಂದೆ, ಎರಡನೇ ಸಲ ಬಡಿಸಿಕೊಂಡು ತಿಂದೆ.

ಮರುವಾರ ಹಾಸ್ಟೆಲಿನ ಅಡುಗೆಮನೆಯಲ್ಲಿ ನೀರುಳ್ಳಿ ಕೊಯ್ಯುತ್ತಾ ನೀವು ಕೇಳಿದಿರಿ: "ಲವೀನಾ, ಆ ಆಂಟಿಗೆ ಒಂದು ಫೋನ್ ಮಾಡ್ತೀಯಾ ನನಗೋಸ್ಕರ?" ನೀವು ಅಲ್ಲಿಗೆ ಹೋದರೆ ಮೊದಲ ಚಹಾದ ಹೊತ್ತಿಗೇ ಆಂಟಿ, "ಪಾಪ, ಲವೀನಾ ಮತ್ತೆ ಓದುತ್ತಿದ್ದಾಳಾ?" ಎಂದು ಕೇಳದೆ ಇರುತ್ತಾರಾ? ಎರಡು ದಿನ ಬಿಟ್ಟು ಹೇಳಿದೆ: "ಅವರು ಬಂದ್ ಮಾಡಿದ್ದಾರೆ ಅಕ್ಕ. ಏರ್‌ಪೋರ್ಟ್ ಹತ್ತಿರವೇ ನಿಲ್ಲಿ, ಬಸ್ಸು ಸೀದಾ ಉಂಟು." ನೀವು ನಂಬಿದಿರಿ. ನಂಬದೆ ಏನು ಮಾಡುತ್ತೀರಿ, ಹೇಳಿದವಳು ನಾನಲ್ಲವಾ.

ಪರೀಕ್ಷೆಯ ಬೆಳಿಗ್ಗೆ ಆ ಸೀದಾ ಬಸ್ಸು ಊರ ನಡುವಿನ ವಾಹನಗಳ ಸಾಲಿನಲ್ಲಿ ಸಿಕ್ಕಿಬಿತ್ತು. ನೀವು ಇಳಿದು, ಗುರುತಿಲ್ಲದ ಬೀದಿಯಲ್ಲಿ ದಾರಿ ಕೇಳಿಕೊಂಡು ಓಡಿದಿರಿ. ಕಾಲು ಗಂಟೆ ತಡ. ಒಳಗೆ ಬಿಡಲಿಲ್ಲ. ತಿರುಗಿ ಬಂದು ನನ್ನ ಮಂಚದ ಅಂಚಿನಲ್ಲಿ ಕುಳಿತು, "ಯಾರನ್ನೂ ದೂರಿ ಪ್ರಯೋಜನ ಇಲ್ಲ. ಹತ್ತಿರ ಎಲ್ಲಿಯಾದ್ರೂ ನಿಲ್ಬೇಕಿತ್ತು ನಾನು," ಎಂದಿರಿ. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ, ನೀವು ಗಮನಿಸಲಿಲ್ಲ. ಅಷ್ಟರಲ್ಲಿ ನಿಮ್ಮ ಇಂಗ್ಲಿಷ್ ಪರೀಕ್ಷೆಯ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಎಲ್ಲವನ್ನೂ ಮೊದಲಿನಿಂದ ಶುರು ಮಾಡಲು ಮನಸ್ಸಿಲ್ಲ, ಸಾಕು ಎಂದುಬಿಟ್ಟಿರಿ. ರಿಹಾನಾ ಈಗ ತಾನೇ ಜಡೆ ಹಾಕಿಕೊಳ್ಳುತ್ತಾಳಂತೆ.

ಕಳೆದ ವರ್ಷ ಕಾಗದಪತ್ರದ ಕೆಲಸವೆಂದು ಹೇಳಿ ನಾನು ಡಬ್ಲಿನ್‌ಗೆ ಹೋದದ್ದು ಎರಡನೇ ಸಲ ಪರೀಕ್ಷೆಗೆ ಕೂರಲು. ಇಳಿದುಕೊಂಡದ್ದು ಆಂಟಿಯ ಮನೆಯಲ್ಲೇ — ಅಷ್ಟು ನಾಚಿಕೆಗೇಡಿ ನಾನು. ಪಾಸಾದದ್ದೂ ಆ ಸೋಫಾದ ಅಭ್ಯಾಸದಿಂದಲೇ. ಹೊರಡುವ ದಿನ ಅವರು ಕಪಾಟಿನಿಂದ ಹೊಸ ಕಾವಲಿಯೊಂದನ್ನು ತೆಗೆದರು. "ನಿನ್ನ ಅಕ್ಕನಿಗೆ ಮೊಟ್ಟೆ ಹುರಿದು ಕೊಡೋಣ ಅಂತ ಇದನ್ನು ತಂದೆ. ಇದಕ್ಕೆ ಏನೂ ತಾಗಿಲ್ಲ. ಅವಳು ಬರಲೇ ಇಲ್ಲವಲ್ಲ?"

"ಅವರ ಮನಸ್ಸು ಬದಲಾಯಿತು," ಎಂದೆ. ಅಲ್ಲಿಯೂ ಸುಳ್ಳು, ಅದೂ ನಿಮ್ಮ ತಲೆಗೇ ಕಟ್ಟಿದ್ದು. ಅವರು ಕಾವಲಿಯನ್ನು ನನ್ನ ಚೀಲಕ್ಕೆ ತುರುಕಿದರು, ನಿಮಗೆ ಕೊಡು ಎಂದು. ಅಂದಿನಿಂದ ಅದು ನನ್ನ ಮಂಚದ ಕೆಳಗಿದೆ, ನೀವು ದಿನಾ ಕುಳಿತು ಕಾಲು ಚಾಚುವ ಅದೇ ಮಂಚದ ಕೆಳಗೆ.

ಮುಂದಿನ ವಾರ ನಾನು ಐರ್ಲೆಂಡಿಗೆ ಹೊರಡುತ್ತೇನೆ. ಈ ಕಾಗದವನ್ನು ನಿಮ್ಮ ದಿಂಬಿನ ಮೇಲಿಟ್ಟು ವಿಮಾನ ಹತ್ತಬೇಕೆಂದಿದ್ದೆ; ಅದು ಇನ್ನೊಂದು ಕಳ್ಳತನ. ಇವತ್ತು ಆಂಟಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನನಗೆ ಹೇಳಿ ಏನು ಪ್ರಯೋಜನ? ಹೇಳಬೇಕಾದದ್ದು ಅವಳಿಗೆ," ಎಂದು ಅವರು ಫೋನ್ ಇಟ್ಟುಬಿಟ್ಟರು.

ನಾಳೆ ನಿಮ್ಮ ಡ್ಯೂಟಿ ಮುಗಿದ ಮೇಲೆ ಅಡುಗೆಮನೆಯ ಮೇಜಿನಲ್ಲಿ ಇದನ್ನು ನಿಮ್ಮ ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಅಕ್ಕ. ಬೈದರೆ ಎದ್ದು ಹೋಗುವುದೂ ಇಲ್ಲ. ಕಾವಲಿ ನಿಮ್ಮ ಮುಂದೆಯೇ ಇರುತ್ತದೆ. ಬೇರೆ ಯಾರೂ ಬಳಸಬಾರದೆಂದು ಬ್ರೀಡಾ ಆಂಟಿ ಅದರ ಹಿಡಿಗೆ ಒಂದು ಪಟ್ಟಿ ಸುತ್ತಿ, ಅದರ ಮೇಲೆ ನಿಮ್ಮ ಹೆಸರು ಬರೆದಿದ್ದಾರೆ.