ಕೈ ಎತ್ತದೆ ಹೇಳಿದ ಉತ್ತರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ತವರಿನವರೂ ಅಂದಿದ್ದಾರೆ, ಗಂಡನ ಮನೆಯವರೂ ಅಂದಿದ್ದಾರೆ. ಅನ್ನಲಿ. ಬಂದಷ್ಟೇ ಬೇಗ ಹೋಗುವ ಸಿಟ್ಟಿನಿಂದ ಯಾವ ಕೆಲಸವೂ ಆಗುವುದಿಲ್ಲ. ನನ್ನದು ಬಂದರೆ ಕೂತುಬಿಡುವ ಸಿಟ್ಟು. ನಮ್ಮ ಮಾಸ್ತರ ಮೇಲಿನದಂತೂ ಹದಿನೈದು ವರ್ಷಕ್ಕೂ ಮೀರಿ ಕೂತಿತ್ತು.

ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಗ ನಾಲ್ಕೇ ಇಯತ್ತೆ, ನಾಲ್ಕೂ ತರಗತಿಗೆ ಅವರೊಬ್ಬರೇ ಮಾಸ್ತರು. ಕಚ್ಚೆ ಧೋತರ, ಕರಿ ಕೋಟು, ತಲೆಗೆ ರುಮಾಲು. ಲೆಕ್ಕ ಕಲಿಸುವುದರಲ್ಲಿ ಅವರಂಥವರನ್ನು ನಾನು ಮತ್ತೆ ಕಾಣಲಿಲ್ಲ. ಬಾಯಿಲೆಕ್ಕ ಕೇಳಿದಾಗ ಕೈ ಎತ್ತಬೇಕು, ಅವರು ಹೇಳು ಅಂದ ಮೇಲೆಯೇ ಹೇಳಬೇಕು ಎಂಬುದು ಅವರ ಕಟ್ಟಪ್ಪಣೆ. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಪ್ರಶ್ನೆ ಮುಗಿಯುವಷ್ಟರಲ್ಲಿ ನನ್ನ ಬಾಯಿಂದ ಉತ್ತರ ಬಿದ್ದಿರುತ್ತಿತ್ತು. ಕರೆದು ಅಂಗೈ ಮೇಲೆ ಒಂದು ಛಡಿ ಏಟು ಕೊಡುತ್ತಿದ್ದರು, ಕೊಟ್ಟಾದ ಮೇಲೆ ಉತ್ತರ ಸರಿ ಅದ ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ದಿನಾ ಏಟು ತಿನ್ನಲು ತಯಾರಿದ್ದೆ.

ನಾಲ್ಕನೆಯ ಇಯತ್ತೆ ಮುಗಿಯಿತು. ಮುಂದೆ ಕಲಿಯಬೇಕಾದರೆ ಗಂಡುಮಕ್ಕಳ ಶಾಲೆಗೆ ಹೋಗಬೇಕು. ಅಪ್ಪನಿಗೆ ಮನಸ್ಸಿತ್ತು, ಧೈರ್ಯ ಇರಲಿಲ್ಲ. ಮಾಸ್ತರು ಹೂಂ ಅಂದರೆ ಕಳಿಸೋಣ ಎಂದು ನನ್ನ ಕೈಹಿಡಿದುಕೊಂಡು ಶಾಲೆಗೆ ಹೋದ. ಮಾಸ್ತರು ನನ್ನ ಕಡೆ ನೋಡಲೂ ಇಲ್ಲ.

‘ರೊಟ್ಟಿ ಬಡೀಲಿಕ್ಕೆ ನಾಲ್ಕನೇ ಇಯತ್ತೆನೇ ಹೆಚ್ಚಾತು. ವರಾ ನೋಡ್ರಿ,’ ಅಂದರು.

ಅಪ್ಪ ಕೈಮುಗಿದು ಹೊರಬಿದ್ದ. ಊರಿನಲ್ಲಿ ಬೇರೆ ಯಾರು ಹೀಗಂದಿದ್ದರೂ ನುಂಗಿಕೊಳ್ಳುತ್ತಿದ್ದೆ. ನನ್ನ ಉತ್ತರ ಸರಿ ಎಂದು ದಿನಾ ಹೇಳಿದ ಬಾಯಿಂದಲೇ ಈ ಮಾತು ಬಂದದ್ದನ್ನು ನುಂಗಲಾಗಲಿಲ್ಲ. ಮನೆಗೆ ಬಂದು ಪಾಟಿಯನ್ನು ಅಟ್ಟದ ಮೇಲೆ ಎಸೆದೆ.

ಮದುವೆ ಮಾಡಿ ಸವಣೂರಿಗೆ ಕೊಟ್ಟರು. ವೀಳ್ಯದೆಲೆ ಬಳ್ಳಿಯ ತೋಟದ ಮನೆ. ಬೆಳಗಾದರೆ ಎಲೆ ಕೊಯ್ಯುವುದು, ಜೋಡಿಸುವುದು, ಕಟ್ಟುವುದು. ಮಗಳು ಹುಟ್ಟಿದಳು, ಬೆಳೆದಳು, ಅವಳೂ ನಾಲ್ಕನೆಯ ಇಯತ್ತೆ ಮುಗಿಸಿ ಮನೆಯಲ್ಲಿ ಕೂತಳು. ಇವಳನ್ನು ಮುಲ್ಕಿ ಪರೀಕ್ಷೆಗೆ ಕೂಡಿಸಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದೆ. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದವರಿಗೆ ಮಾಸ್ತರಿಕೆ ಸಿಗುತ್ತಿದ್ದ ಕಾಲ ಅದು. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂದು ಅತ್ತೆ ಗಾದೆ ಹೇಳಿದರು. ಆ ಬುದ್ಧಿಯಿಂದಲೇ ಅಲ್ಲವೇ ಈ ಮನೆ ನಡೆದದ್ದು ಎಂದು ನಾನೂ ಹೇಳಿದೆ. ಯಜಮಾನರು ಮಾತ್ರ, ಕಲಿಸುವವರನ್ನು ನೀನೇ ಹುಡುಕು, ನಾನು ಅಡ್ಡ ಬರುವುದಿಲ್ಲ ಅಂದರು.

ಹುಡುಕಿದರೆ ಸಿಕ್ಕವರು ಯಾರು? ಅದೇ ಮಾಸ್ತರು. ಪೆನ್ಶನ್ ಆಗಿ ಸವಣೂರಿನಲ್ಲಿದ್ದ ತಮ್ಮ ಹಿರಿಯರ ಮನೆಗೆ ಬಂದು ನೆಲೆಸಿದ್ದರು. ಹುಡುಗಿಯೊಬ್ಬಳನ್ನು ಮನೆಯಲ್ಲೇ ಕೂಡಿಸಿ ಮುಲ್ಕಿಯವರೆಗೆ ಮುಟ್ಟಿಸಬಲ್ಲವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ದೇವರಿಗೂ ನನ್ನ ಜೊತೆಗೇ ಚೇಷ್ಟೆ.

ದಸರೆ ಬರಲಿ ಎಂದು ಕಾದೆ. ಅವತ್ತು ನಮ್ಮ ಕಡೆ ಸಣ್ಣವರು ಬನ್ನಿ ಗಿಡದ ಎಲೆ ಹಿಡಿದು ದೊಡ್ಡವರ ಮನೆಗೆ ಹೋಗುತ್ತಾರೆ, ಕೈಗಿಟ್ಟು ಕಾಲಿಗೆ ಬೀಳುತ್ತಾರೆ, ಬಂಗಾರದಂಗ ಇರೋಣ ಅನ್ನುತ್ತಾರೆ. ಬನ್ನಿ ತಂದವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವಂತಿಲ್ಲ, ಕೊಟ್ಟವರೂ ತೆಗೆದುಕೊಂಡವರೂ ಹಳೆಯ ಸಿಟ್ಟು ಇಟ್ಟುಕೊಳ್ಳುವಂತಿಲ್ಲ. ನನಗೆ ಬೇಕಾದದ್ದು ಮೊದಲನೆಯದು. ಎರಡನೆಯದರ ವಿಚಾರ ಆಮೇಲೆ ನೋಡೋಣ ಎಂದುಕೊಂಡು, ಎರಡನೆಯ ಮಹಾಯುದ್ಧ ಮುಗಿದ ವರ್ಷದ ಆ ದಸರೆಗೆ ಮಗಳನ್ನು ಕರೆದುಕೊಂಡು ಹೊರಟೆ. ಆಡಬೇಕಾದ ಮಾತನ್ನೆಲ್ಲ ದಾರಿಯಲ್ಲಿ ಇನ್ನೊಮ್ಮೆ ಒಪ್ಪಿಸಿಕೊಂಡೆ.

ಮಾಸ್ತರು ಪಡಸಾಲೆಯಲ್ಲಿ ಕೂತಿದ್ದರು. ಮುದುಕರಾಗಿದ್ದರು. ಬರ್ರಿ, ಕೂಡ್ರಿ ಎಂದು ಗುರುತಿಲ್ಲದವರಿಗೆ ಹೇಳುವ ಹಾಗೆ ಹೇಳಿ ಬನ್ನಿ ತೆಗೆದುಕೊಂಡರು. ನನ್ನ ಗುರುತೇ ಸಿಕ್ಕಿರಲಿಲ್ಲ. ಹದಿನೈದು ವರ್ಷ ಒಬ್ಬರನ್ನು ಮನಸ್ಸಿನಲ್ಲೇ ಬೈಯುತ್ತ ಬಂದು, ಅವರಿಗೆ ನಾನು ಯಾರೆಂದೇ ಗೊತ್ತಿಲ್ಲ ಅಂದರೆ ಏನು ಮಾಡುವುದು? ಅಪ್ಪನ ಗುರುತು ಹೇಳಿದೆ, ಅವತ್ತು ಅವರಂದ ಮಾತನ್ನೂ ಹೇಳಿದೆ.

‘ಅಂದಿರಬೇಕು, ತಾಯಿ. ಆಗ ಎಲ್ಲಾರ ಅಪ್ಪಂದಿರಿಗೂ ಹಂಗ ಅಂತಿದ್ದೆ.’

ಇಷ್ಟು ಕೇಳಿ ನಾನು ಸುಮ್ಮನಿರುವವಳೇ?

‘ನೀವು ಮರತ್ರಿ ಮಾಸ್ತರ, ನಾ ಮರತಿಲ್ಲ. ಬನ್ನಿ ಕೊಟ್ಟೇನಿ, ಸಿಟ್ಟು ಹೋಗಿಲ್ಲ. ನನ್ನ ಮಗಳನ್ನ ಮುಲ್ಕಿ ಮಟಾ ಕಲಸ್ರಿ. ಅವತ್ತ ಈ ಬನ್ನಿ ಖರೇ ಆಗತೈತಿ.’

ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ಇನ್ನೇನು ಇಬ್ಬರಲ್ಲಿ ಒಬ್ಬರು ಎದ್ದು ಹೋಗು ಅನ್ನುತ್ತಾರೆ ಎಂದುಕೊಂಡೆ. ಮಾಸ್ತರು ಬನ್ನಿ ಎಲೆಯನ್ನು ಪಕ್ಕಕ್ಕಿಟ್ಟು ಮಗಳ ಕಡೆ ತಿರುಗಿ, ಮೂವತ್ತಾರರ ಮುಕ್ಕಾಲು ಎಷ್ಟು ಎಂದು ಕೇಳಿದರು. ಅವಳಿಗೆ ಗೊತ್ತಿತ್ತು, ನನಗದು ಗೊತ್ತು. ಆದರೆ ಹೊಸಬರ ಮುಂದೆ ಅವಳಿಗೆ ನಾಲಿಗೆಯೇ ಏಳುವುದಿಲ್ಲ. ಕೆಳಗೆ ನೋಡುತ್ತ ನಿಂತಳು. ತಡೆಯದೆ ನಾನೇ ಇಪ್ಪತ್ತೇಳು ಅಂದುಬಿಟ್ಟೆ.

ಮಾಸ್ತರು ತಟ್ಟನೆ ನನ್ನ ಕಡೆ ತಿರುಗಿದರು. ಕನ್ನಡಕ ಸರಿಮಾಡಿಕೊಂಡು ನೋಡಿದರು.

‘ಕೈ ಎತ್ತಿ ಹೇಳಬೇಕಂತ ನಿನಗ ಎಷ್ಟು ಸಲ ಹೇಳೇನಿ?’

ನನಗೆ ನಗು ಬಂತು, ಅಳುವೂ ಬಂತು. ನಾಳೆಯಿಂದ ಹುಡುಗಿಯನ್ನು ಕರೆದುಕೊಂಡು ಬಾ ಅಂದರು. ನೀನೂ ಕೂಡು, ಆದರೆ ಬಾಯಿ ತೆಗೆಯಕೂಡದು ಅಂದರು. ಉತ್ತರ ಸರಿ ಅದ ಎಂದು ಮಾತ್ರ ಅವತ್ತು ಹೇಳಲಿಲ್ಲ.

ಮುಂದೆ ಮೂರು ವರ್ಷ ಪಾಠ ನಡೆಯಿತು. ನಾನು ಎಲೆಯ ಬುಟ್ಟಿ ಒಯ್ದು ಪಡಸಾಲೆಯ ಮೂಲೆಯಲ್ಲಿ ಕೂತು ಜೋಡಿಸುತ್ತಿದ್ದೆ. ಬಾಯಿ ಮುಚ್ಚಿಕೊಂಡು ಕೂಡುವುದು ನನ್ನ ಜನ್ಮದಲ್ಲೇ ಅತಿ ಕಷ್ಟದ ಕೆಲಸ. ಊರವರು ಆಡಿಕೊಂಡರು, ಆಡುವವರ ಬಾಯಿ ಹಿಡಿಯಲಾಗುತ್ತದೆಯೇ? ಮಾಸ್ತರು ಕಲಿಸುವುದರಲ್ಲಿ ಹಿಂದಿನಂತೆಯೇ ಇದ್ದರು, ಛಡಿ ಮಾತ್ರ ಬಿಟ್ಟಿದ್ದರು. ಮಗಳು ಬರೆದರೆ ಒಂದು ತಪ್ಪಿಲ್ಲ, ಕೇಳಿದರೆ ಒಂದು ಮಾತಿಲ್ಲ. ಈ ಮೂಗಿ ಮುಂದೆ ಮಕ್ಕಳಿಗೆ ಹೇಗೆ ಕಲಿಸುತ್ತಾಳೆ ಎಂದು ನಾನು ಚಡಪಡಿಸಿದರೆ, ನಿನ್ನ ಮಾತೆಲ್ಲ ಮುಗಿದ ಮೇಲೆ ಅವಳು ಶುರು ಮಾಡುತ್ತಾಳೆ ಎಂದು ಚೇಷ್ಟೆ ಮಾಡುತ್ತಿದ್ದರು.

ಪರೀಕ್ಷೆ ಶಿಗ್ಗಾಂವಿಯಲ್ಲಿ. ಬೇಡವೆಂದರೂ ಕೇಳದೆ ಮಾಸ್ತರು ನಮ್ಮ ಚಕ್ಕಡಿಯಲ್ಲಿ ಕೂತು ಬಂದರು. ಮಗಳು ಒಳಗೆ ಹೋದಳು, ನಾವಿಬ್ಬರೂ ಹೊರಗೆ ಬೇವಿನ ಗಿಡದ ಕೆಳಗೆ ಕೂತೆವು. ಬುತ್ತಿ ಬಿಚ್ಚಿದರೆ ಅವರು ಮುಟ್ಟಲಿಲ್ಲ. ಮಡಿಯೋ ಏನೋ ಎಂದುಕೊಂಡೆ. ಅಲ್ಲ, ಹೆದರಿಕೆಗೆ ಹಸಿವು ಸತ್ತಿದೆ ಎಂದು ಅವರೇ ಹೇಳಿದರು. ನಾನೇ ಅವರಿಗೆ ಧೈರ್ಯ ಹೇಳಬೇಕಾಯಿತು.

ಮಗಳು ಪಾಸಾದಳು. ಅತ್ತೆ ಗಾದೆ ಮರೆತು ಓಣಿಗೆಲ್ಲ ಸಕ್ಕರೆ ಹಂಚಿದರು. ಇದನ್ನು ನೋಡಲು ಅಪ್ಪ ಇರಲಿಲ್ಲ, ಅದರ ಹಿಂದಿನ ವರ್ಷವೇ ಹೋಗಿದ್ದ. ಅದೊಂದು ಸಂಕಟ ನನಗೆ ಇವತ್ತಿಗೂ ಇದೆ.

ಆ ವರ್ಷದ ದಸರೆಗೆ ಮಾಸ್ತರ ಮನೆಗೆ ಹೋಗಲೆಂದು ಬನ್ನಿ ತೆಗೆದಿಡುತ್ತಿದ್ದೆ. ನೋಡಿದರೆ ಬಳ್ಳಿಗಳ ನಡುವಿನ ಕಾಲುದಾರಿಯಲ್ಲಿ ಕೋಲೂರಿಕೊಂಡು ಅವರೇ ಬರುತ್ತಿದ್ದಾರೆ. ದೊಡ್ಡವರು ಸಣ್ಣವರ ಮನೆಗೆ ಬನ್ನಿ ಒಯ್ಯುವ ಪದ್ಧತಿ ನಮ್ಮಲ್ಲಿ ಎಲ್ಲೂ ಇಲ್ಲ. ಅತ್ತೆ ಗಾಬರಿಯಾಗಿ ಚಾಪೆ ಹುಡುಕಿದರು. ಮಾಸ್ತರು ಕೂಡಲಿಲ್ಲ. ಬನ್ನಿಯನ್ನು ನನ್ನ ಕೈಗೆ ಹಾಕಿದರು.

‘ಅವತ್ತ ನಿಮ್ಮಪ್ಪಗ ನಾ ಹೇಳಿದ್ದು ತಪ್ಪು. ಅಂವಾ ಇಲ್ಲ, ಅದಕ್ಕ ನಿನಗ ಹೇಳಲಿಕ್ಕೆ ಬಂದೆ. ಬನ್ನಿ ಈಗರೆ ಖರೇ ಆತೇನು?’

ಆಡಲು ನನ್ನ ಬಳಿ ಎಷ್ಟು ಮಾತಿದ್ದವು! ಒಂದೂ ಹೊರಬರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೆ. ಹಿಂದೆ ಬಾಗಿಲ ಬಳಿಯಿಂದ ದನಿ ಬಂತು, ಗಟ್ಟಿ ದನಿ.

‘ಆತ್ರಿ, ಮಾಸ್ತರ.’

ನನ್ನ ಮಗಳು. ಅವಳನ್ನು ಯಾರೂ ಕೇಳಿರಲಿಲ್ಲ, ಅವಳು ಕೈಯನ್ನೂ ಎತ್ತಿರಲಿಲ್ಲ.