ಕಮಾನಿನೊಳಗಿನ ಕಮಾನು

ಗದಗ-ಬೆಟಗೇರಿಗೆ ಸಮುದ್ರ ಎಲ್ಲಿಂದ ಬರಬೇಕು? ಆದರೂ ಹತ್ತಿ ಬಂಡಿಗಳು ಬಂದು ನಿಲ್ಲುತ್ತಿದ್ದ ಹಳೇ ಬಯಲಿಗೆ ನಮ್ಮ ಓಣಿಯವರು ‘ಬಂದರು’ ಅಂತಲೇ ಅನ್ನುತ್ತಿದ್ದರು. ಅದರ ಬದಿಗೆ ಸಾಲಾಗಿ ಐದು ಕಲ್ಲಿನ ಕಮಾನುಗಳು. ಒಂದು ಕಾಲಕ್ಕೆ ಅಲ್ಲಿ ಹತ್ತಿ ಒಟ್ಟುತ್ತಿದ್ದರಂತೆ. ನಾನು ಕಂಡಾಗ ಮದುವೆ ಅಡುಗೆಯ ಬಾಂಡೆ, ತಾಡಪಾಲು, ಮುರಿದ ಸೈಕಲ್ಲು ಇರುತ್ತಿದ್ದವು. ಮೂರನೆಯದರಲ್ಲಿ ಅಪ್ಪನ ಸಾಮಾನು.

ಅಪ್ಪ ಪಿಂಜಾರ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಕಸಬು. ಹಿಂಜುವ ಆಳೆತ್ತರದ ಬಿಲ್ಲಿಗೂ ನಮ್ಮಲ್ಲಿ ಕಮಾನು ಎಂದೇ ಹೆಸರು. ಯಂತ್ರ ಬಂದ ಮೇಲೆ ಅದನ್ನು ಬಟ್ಟೆ ಸುತ್ತಿ ಅಲ್ಲಿಟ್ಟಿದ್ದ. ಒಂದೇ ಒಂದು ಕೆಲಸ ಉಳಿದಿತ್ತು.

“ನಿನ್ನ ಮದುವಿ ಗಾದಿಗೆ ನಾನ ಹತ್ತಿ ಹಿಂಜೇನಿ. ನಿನ್ನ ಮಗಳದಕ್ಕೂ ನಾನ ಹಿಂಜಾಂವ. ಆಮ್ಯಾಲೆ ಕೈ ತೊಳಕೊಂತೀನಿ” ಅನ್ನುತ್ತಿದ್ದ.

ಮಗಳಿಗೆ ಲಕ್ಷ್ಮೇಶ್ವರದ ಸಂಬಂಧ ಕೂಡಿಬಂತು. ನಾವು ಮಾತುಕತೆಗೆ ಹೋಗಿ ಬರುವಷ್ಟರಲ್ಲಿ ಕಮಾನುಗಳಿಗೆ ಕಬ್ಬಿಣದ ಸರಳಿನ ಬಾಗಿಲು, ಬೀಗ, ಮೇಲೊಂದು ನೀಲಿ ಬೋರ್ಡು: ಪ್ರಾಚೀನ ಸ್ಮಾರಕ. ಉಳಿದವರೆಲ್ಲ ಮೊದಲೇ ಖಬರು ತಿಳಿದು ಸಾಮಾನು ಸಾಗಿಸಿದ್ದರು. ಅಪ್ಪನದಷ್ಟೇ ಒಳಗೆ ಸಿಕ್ಕಿಬಿತ್ತು.

ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಅರ್ಜಿ ಬರೆಯಲು ನನ್ನನ್ನು ಬಿಟ್ಟರಿಲ್ಲ ಎಂಬ ಸೊಕ್ಕು ಬೇರೆ. ದುಂಡಗೆ ಬರೆದೆ: ‘ನಮ್ಮ ತಂದೆಯವರ ಕಮಾನನ್ನು ದಯವಿಟ್ಟು ನಮಗೆ ಬಿಟ್ಟುಕೊಡಬೇಕು.’

ಮದುವೆಗೆ ನಾಲ್ಕು ದಿನ ಇದ್ದಾಗ ಉತ್ತರ ಬಂತು. ‘ಕಮಾನು ಸರ್ಕಾರದ ಆಸ್ತಿ. ಖಾಸಗಿಯವರಿಗೆ ಬಿಟ್ಟುಕೊಡಲು ಬರುವುದಿಲ್ಲ.’

ಕಚೇರಿಗೆ ಓಡಿ, ನಮ್ಮ ಕಮಾನು ಆ ಕಮಾನಿನೊಳಗಿದೆ ಅಂದೆ. “ಕಮಾನಿನ್ಯಾಗ ಕಮಾನಾ? ಚಾಷ್ಟಿ ಮಾಡ್ತೀರೇನ್ರಿ ಅಕ್ಕಾರ?” ಅಂದ ಗುಮಾಸ್ತ.

“ಹತ್ತಿ ಹಿಂಜೂ ಕಮಾನ್ರೀ ಯಪ್ಪಾ!”

“ಹಂಗಂತ ಇದರಾಗ ಎಲ್ಲಿ ಬರದೀರಿ? ಹೊಸಾ ಅರ್ಜಿ ಕೊಡ್ರಿ. ಸಾಹೇಬ್ರು ಮುಂದಿನ ವಾರ ಬರ್ತಾರ.”

ಅವನ ಮೇಲೆ ಸಿಟ್ಟು ಮಾಡಿ ಏನು ಬಂತು? ತಪ್ಪು ನನ್ನದೇ. ನನ್ನ ಓದಿಗಿಷ್ಟು ಬೆಂಕಿ ಹಾಕ!

ಅರ್ಜಿಯಲ್ಲಿ ನಾನೇ ತಪ್ಪಿದೆ ಅಂತ ಹೇಳಿದರೂ ಸಂಜೆ ಅಪ್ಪ ಹಟ ಹಿಡಿದು ನನ್ನನ್ನು ಅಲ್ಲಿಗೆ ಕರೆದೊಯ್ದ. ಸರಳುಗಳ ಸಂದಿಯಿಂದ ಗೋಡೆಗೆ ಆನಿಸಿದ ಕಮಾನು ನಿಚ್ಚಳ ಕಾಣುತ್ತಿತ್ತು. ಹೆಗಲತನಕ ಕೈ ತೂರಿಸಿದ. ಒಂದು ಮೊಳ ಸಾಲಲಿಲ್ಲ. ನಾನು ಹಿಂದೆ ನಿಂತು ಅವನ ಟೊಪ್ಪಿಗೆ ಹಿಡಿದುಕೊಂಡಿದ್ದೆ, ಅಷ್ಟೇ.

ಗಾದಿಗೆ ಯಂತ್ರದಲ್ಲೇ ಹತ್ತಿ ಹಿಂಜಿಸಿದೆವು. ಟೆಂಪೋಕ್ಕೆ ಏರಿಸುವಾಗ ಅಪ್ಪ ಅದನ್ನು ಒಮ್ಮೆ ಒತ್ತಿ ನೋಡಿದ.

ಮಗಳನ್ನು ಕಳಿಸಿಕೊಟ್ಟ ಮೇಲೆ ನನ್ನ ಹತ್ತಿರ ಬಂದು ಕೂತ. ಅವನಿಗೆ ಓದು ಬರದು.

“ಅರ್ಜ್ಯಾಗ ಏನ ಬರದಿದ್ದಿ, ಒಮ್ಮಿ ಓದವಾ.”

ನನ್ನ ಬಳಿಯಿದ್ದ ಪ್ರತಿ ತೆಗೆದು ಓದಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಓದಿಸಿದ.

“ಬರೋಬ್ಬರಿ ಐತಲ್ಲವಾ,” ಅಂದ. “ಇದರಾಗ ತಪ್ಪೇನೈತಿ?”